ಎಂಜಿನ್ ಆರಿಸಿ ಇಳಿಯುವವರು

ನನಗೆ ಕಣ್ಣು ಕಾಣುವುದಿಲ್ಲ ಎಂದು ಯಾರಾದರೂ ಅಯ್ಯೋ ಪಾಪ ಎಂದರೆ ಮೈಯೆಲ್ಲ ಉರಿಯುತ್ತದೆ. ನಲವತ್ತನೇ ವಯಸ್ಸಿಗೆ ಕಣ್ಣು ಹೋಯಿತು. ಈಗ ಅರವತ್ತಾರು. ಇಪ್ಪತ್ತಾರು ವರ್ಷ ಇರಿಂಗಾ ಊರಿನ ಈ ಇಳಿಜಾರು ಬೀದಿಯನ್ನು ನಾನೊಬ್ಬನೇ ದಾಟಿದ್ದೇನೆ. ಬೆಳಿಗ್ಗೆ ಮನೆಯಿಂದ ಹೊರಟು ಆಚೆ ಬದಿಯ ಬಡಗಿ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕೂತರೆ ಸಂಜೆಯವರೆಗೂ ಬಿದಿರಿನ ಬುಟ್ಟಿ ಹೆಣೆಯುತ್ತೇನೆ. ಬೆಳಗಿನ ಬಿಸಿಲು ಬೀಳುವುದು ಆ ಗೋಡೆಗೆ ಮಾತ್ರ. ನಮ್ಮ ಕಡೆ ಜೂನ್ ಎಂದರೆ ಚಳಿಗಾಲ, ಆ ಗಾಳಿಯಲ್ಲಿ ಬಿಸಿಲಿಲ್ಲದಿದ್ದರೆ ಬೆರಳೇ ಬಗ್ಗುವುದಿಲ್ಲ. ಗಿರಾಕಿಗಳು ಬರುವುದೂ ಅಲ್ಲಿಗೇ, ಹರಟೆ ಸಿಗುವುದೂ ಅಲ್ಲೇ.

ಬೀದಿ ದಾಟುವುದು ದೊಡ್ಡ ವಿದ್ಯೆಯೇನಲ್ಲ. ಲಾರಿ ಬಂದರೆ ನೆಲ ಹೇಳುತ್ತದೆ. ಮಿನಿಬಸ್ಸು ಬಂದರೆ ಕಂಡಕ್ಟರನ ಗಂಟಲು ಹೇಳುತ್ತದೆ. ಕೈಗಾಡಿ ಕಿರುಗುಟ್ಟುತ್ತದೆ, ಮಕ್ಕಳು ಕಿರುಚುತ್ತಾರೆ. ಸದ್ದಿಲ್ಲದೆ ಬರುವವರು ಬಾಡಿಗೆ ಬೈಕಿನವರು ಮಾತ್ರ, ನಾವು ಬೊಡಬೊಡ ಎನ್ನುವವರು. ಇಳಿಜಾರಿನ ನೆತ್ತಿಯಲ್ಲಿ ಎಂಜಿನ್ ಆರಿಸಿಬಿಟ್ಟರೆ ಕೆಳಗಿನ ಸ್ಟ್ಯಾಂಡಿನವರೆಗೆ ಬೈಕು ತಾನಾಗಿ ಜಾರಿಕೊಂಡು ಹೋಗುತ್ತದೆ, ಪೆಟ್ರೋಲು ಉಳಿಯುತ್ತದೆ. ಬೆಕ್ಕು ಬಂದರೂ ನನಗೆ ಗೊತ್ತಾಗುತ್ತದೆ, ಇವರು ಬಂದರೆ ಗೊತ್ತಾಗುವುದಿಲ್ಲ.

ಮೇ ತಿಂಗಳಲ್ಲಿ ಹಾಗೆ ಬಂದ ಒಂದು ಬೈಕಿನ ಹಿಡಿ ನನ್ನ ಹೆಗಲ ಮೇಲಿದ್ದ ಬುಟ್ಟಿಗೆ ಸಿಕ್ಕಿಕೊಂಡಿತು. ಗಿರ್ರನೆ ತಿರುಗಿ ಬಿದ್ದೆ. ಮಂಡಿ ಒಡೆಯಿತು, ಬುಟ್ಟಿ ಚಪ್ಪಟೆಯಾಯಿತು. ಬೈಕಿನವನು ನಿಲ್ಲಲಿಲ್ಲ. ಯಾರೆಂದು ನೋಡಿದವರೂ ಇಲ್ಲ.

ಮಗಳು ಅನ್ಯೇಸಿ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಗಂಡ ಸತ್ತ ಮೇಲೆ ನನ್ನ ಜೊತೆಗೇ ಇದ್ದಾಳೆ. ಅವಳೇ ಗಾಯ ತೊಳೆದಳು. ಪಟ್ಟಿ ಕಟ್ಟಿ ಮುಗಿಸಿದ ಮೇಲೆ ಹೇಳಿದಳು.

"ನಾಳೆಯಿಂದ ಬಿದಿರು ಮನೆಗೇ ಬರತ್ತೆ ಅಪ್ಪ. ಹಿತ್ತಲಲ್ಲಿ ಕೂತು ಹೆಣಿ."

"ಹಿತ್ತಲಲ್ಲಿ ಕೂರಕ್ಕೆ ನಾನೇನು ಕೋಳಿನಾ?"

"ಕೋಳಿಗಾದ್ರೂ ಬೈಕ್ ಬಂದ್ರೆ ಓಡಕ್ಕೆ ಬರತ್ತೆ."

ಜಗಳ ಎರಡು ದಿನ ನಡೆಯಿತು. ನಮ್ಮ ಹಿತ್ತಲಿಗೆ ಮಧ್ಯಾಹ್ನದವರೆಗೆ ಬಿಸಿಲಿಲ್ಲ, ದಿನವೆಲ್ಲ ಮನುಷ್ಯರ ದನಿಯಿಲ್ಲ. ಅಲ್ಲಿ ಕೂತರೆ ಒಂದು ವರ್ಷದಲ್ಲಿ ನಾನು ಗೋರಿಗೆ ತಯಾರಾಗುತ್ತೇನೆ ಎಂದು ಅವಳಿಗೂ ಗೊತ್ತಿತ್ತು. ಅದೇ ಹೊತ್ತಿಗೆ ನಗರಸಭೆಯಿಂದ ಒಂದು ಕಾಗದ ಬಂತು. ಪ್ರತಿಯೊಂದು ಬೀದಿಯವರೂ ಸಭೆ ಸೇರಿ, ತಮ್ಮ ರಸ್ತೆಯ ಸುರಕ್ಷತೆಗೆ ತಾವೇ ಒಂದು ನಿಯಮ ಮಾಡಿ, ಅದನ್ನು ಹೇಗೆ ಜಾರಿ ಮಾಡುತ್ತೀರಿ ಎಂದು ಬರೆದು ಕಳಿಸಬೇಕಂತೆ. ಕೊನೆಗೆ ಅನ್ಯೇಸಿ ಒಂದು ಮಾತಿಗೆ ಇಳಿದಳು.

"ಸಭೆ ಆಗ್ಲಿ. ನಿಯಮ ಮಾಡಿದ ಮೇಲೆ ಒಂದು ತಿಂಗಳು ನೋಡ್ತೀನಿ. ನಡೆದ್ರೆ ನೀನು ಒಬ್ನೇ ಹೋಗು. ನಡೀಲಿಲ್ಲ ಅಂದ್ರೆ ಹಿತ್ತಲು. ಅಲ್ಲೀವರೆಗೆ ನಾನೇ ಕೈ ಹಿಡಿದು ದಾಟಿಸ್ತೀನಿ."

ಕೈ ಹಿಡಿದು ನಡೆಸುವುದು ಮಗುವನ್ನು, ಇಲ್ಲವೆ ಮದುಮಗಳನ್ನು. ಆದರೂ ಒಪ್ಪಿಕೊಂಡೆ.

ಸಭೆ ಭಾನುವಾರ ಮಧ್ಯಾಹ್ನ, ನಮ್ಮ ಬೀದಿಯ ಅಧ್ಯಕ್ಷ ಸಾಂಗಾನ ಕಚೇರಿ ಮುಂದಿನ ಮರದ ಕೆಳಗೆ. ಸಾಂಗಾ ಒಳ್ಳೆಯವನು, ಆದರೆ ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿ. ಕಾಗದವನ್ನು ಎರಡು ಸಲ ಓದಿದ. ನಂತರ "ಎಲ್ಲರ ಮಾತೂ ಸರಿ" ಎಂದ. ಆಗಿನ್ನೂ ಯಾರೂ ಮಾತೇ ಆಡಿರಲಿಲ್ಲ.

ನಿಯಮದ ಬಗ್ಗೆ ತಕರಾರು ಇರಲಿಲ್ಲ. ಎಂಜಿನ್ ಆರಿಸಿ ಇಳಿಯಬಾರದು, ಅಷ್ಟೇ. ಸ್ಟ್ಯಾಂಡಿನ ಹುಡುಗರ ಮುಖಂಡ ಕೋಂಬಾ ಕೂಡ ತಲೆಯಾಡಿಸಿದನಂತೆ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರಾರು? ಗಲಾಟೆ ಶುರುವಾದದ್ದು ಅಲ್ಲಿ.

ಟೊಮೇಟೊ ಮಾರುವ ಮಾಮಾ ನ್ಯೆಂಜಾ ಎದ್ದಳು; ತಾಯಂದಿರನ್ನು ನಾವು ಮಾಮಾ ಎಂದೇ ಕರೆಯುವುದು. "ರಸ್ತೆಗೆ ಉಬ್ಬು ಹಾಕ್ಸಿ."

"ಹೋದ ವರ್ಷ ಮಣ್ಣಲ್ಲಿ ಹಾಕಿದ್ವಲ್ಲ ಅಕ್ಕಾ" ಎಂದ ಕೋಂಬಾ. "ಮೊದಲ್ನೇ ಮಳೆಗೆ ಪೂರ್ತಿ ಜಾರ್ಕೊಂಡು ನಮ್ಮ ಸ್ಟ್ಯಾಂಡಿಗೇ ಬಂತು. ಅದೂ ಎಂಜಿನ್ ಆರಿಸ್ಕೊಂಡೇ ಬಂತು."

ಸಿಮೆಂಟಿನ ಉಬ್ಬಿಗೆ ನಗರಸಭೆಯ ಅಪ್ಪಣೆ ಬೇಕು, ಅದಕ್ಕೆ ಎರಡು ವರ್ಷ ಬೇಕು. ದಂಡ ಹಾಕೋಣ ಎಂದರು ಇನ್ನೊಬ್ಬರು. ದಂಡ ವಸೂಲಿ ಮಾಡುವವರು ಯಾರು? ಕಸ ಎಸೆದವರ ದಂಡವನ್ನು ಹಿಂದೆ ಕಾವಲಿನ ಹುಡುಗರ ಕೈಗೆ ಕೊಟ್ಟಿದ್ದೆವು, ಅಷ್ಟೂ ಉಲಾಂಜಿಯಾಗಿ ಅವರ ಹೊಟ್ಟೆ ಸೇರಿತ್ತು. ನಮ್ಮ ಬಿದಿರಿನ ಹೆಂಡ ಅಷ್ಟು ರುಚಿ, ಬೇಲಿಯೇ ಎದ್ದು ಹೊಲ ಮೇಯುತ್ತದೆ. ಪೊಲೀಸರನ್ನು ಕರೆಯೋಣ ಎಂದು ಯಾರೋ ಹಿಂದಿನಿಂದ ಅಂದರು. ಆ ಒಂದು ಮಾತಿಗೆ ಮಾತ್ರ ಇಡೀ ಬೀದಿ ಒಟ್ಟಾಗಿ ಬೇಡ ಎಂದಿತು.

ಕೋಂಬಾ ಈಗ ದನಿ ಏರಿಸಿದ. "ದಿನಕ್ಕೆ ಅರ್ಧ ಲೀಟರ್ ಉಳಿಯತ್ತೆ ಸ್ವಾಮಿ! ಅದು ನಮ್ಮ ಮಕ್ಕಳ ಊಟ. ನಮ್ಮ ಹುಡುಗ್ರ ಮೈ ಮುಟ್ಟಿ ಬೈಕ್ ನಿಲ್ಲಿಸಕ್ಕೆ ಬಂದ್ರೆ ಸುಮ್ನಿರಲ್ಲ, ಈಗ್ಲೇ ಹೇಳ್ತಿದೀನಿ."

ಕುರ್ಚಿಗಳು ಸರಿದಾಡಿದವು. ಇನ್ನೇನು ಹೊಡೆದಾಟ ಎನ್ನುವ ಹಾಗಿತ್ತು. ಸಾಂಗಾ "ಮುಂದಿನ ಸಭೆಯಲ್ಲಿ" ಎಂದು ಶುರು ಮಾಡಿದ. ನನಗೆ ನಮ್ಮ ಹಿತ್ತಲು ನೆನಪಾಯಿತು. ಸಿಟ್ಟು ನೆತ್ತಿಗೇರಿತು. ಕೋಲು ಊರಿ ಎದ್ದು ನಿಂತೆ.

"ಕೋಂಬಾ! ನಿಮ್ಮ ತಾತಂದಿರು ನಮ್ಮ ಹಸು ಕದಿಯಕ್ಕೆ ಬಂದಾಗ್ಲೂ ಹೀಗೇ ಸದ್ದಿಲ್ದೆ ಬರ್ತಿದ್ರು. ನೂರೈವತ್ತು ವರ್ಷ ಆಗ್ತಾ ಬಂತು, ಇನ್ನೂ ಬುದ್ಧಿ ಬಂದಿಲ್ವಲ್ಲೋ!"

ಕೋಂಬಾನೇ ಮೊದಲು ನಕ್ಕ.

"ನಾವು ಕೂಗ್ಕೊಂಡೇ ಬಂದಿದ್ವಿ ಅಜ್ಜಾ! ನೀವು ಹೆಹೆಗಳು ಉಲಾಂಜಿ ಕುಡಿದು ಬಿದಿರು ಮೆಳೆ ಕೆಳಗೆ ಗೊರಕೆ ಹೊಡೀತಿದ್ರಿ. ಕೇಳಿಸ್ಲಿಲ್ಲ, ಅಷ್ಟೆ!"

ಮರದ ಕೆಳಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸ್ಟ್ಯಾಂಡಿನ ಹುಡುಗರು ಮುಕ್ಕಾಲು ಪಾಲು ಸೊಂಗಿಯಾ ಕಡೆಯ ಎಂಗೋನಿ ಕುಲದವರು. ನಾವು ಹೆಹೆಗಳು. ನಮ್ಮ ಹಿರಿಯರು ಗೆಲ್ಲದೆ ಸೋಲದೆ ಕಾದಾಡಿ ಕಾದಾಡಿ ಸುಸ್ತಾಗಿ, ಕೊನೆಗೆ ನಂಟು ಮಾಡಿಕೊಂಡರು. ಹೆಣ್ಣು ಕೊಡುವ ನಂಟಲ್ಲ, ಗೇಲಿಯ ನಂಟು. ಹಾಗೆ ಗೇಲಿ ಮಾಡುವ ಹಕ್ಕಿರುವವನೇ ಮ್ತಾನಿ. ಭಾವಮೈದುನರಿಗಿಂತ ಹೆಚ್ಚಿನ ಸಲಿಗೆ. ಮ್ತಾನಿ ಏನು ಅಂದರೂ ಸಿಟ್ಟಾಗುವ ಹಾಗಿಲ್ಲ, ಏನು ಎತ್ತಿಕೊಂಡು ಹೋದರೂ ಕಳ್ಳ ಅನ್ನುವ ಹಾಗಿಲ್ಲ. ನನ್ನ ಹೆಂಡತಿ ಸತ್ತ ದಿನ ಒಬ್ಬ ಎಂಗೋನಿ ಮುದುಕ ಹೆಣದ ಪಕ್ಕ ಕೂತು, ಅವಳು ಕೋಳಿ ಕರೆಯುತ್ತಿದ್ದ ಹಾಗೆಯೇ ಕರೆದು ತೋರಿಸಿದ. ಅವತ್ತು ಅವನಿಂದಾಗಿ ನಾನು ನಕ್ಕೆ. ನಕ್ಕಿದ್ದರಿಂದಲೇ ಆಮೇಲೆ ಅತ್ತೆ.

ನಗು ಇನ್ನೂ ಮುಗಿದಿರಲಿಲ್ಲ. ಮಾಮಾ ನ್ಯೆಂಜಾ, ಅವಳೂ ಹೆಹೆಯೇ, ಎದ್ದು ಹೋಗಿ ಕೋಂಬಾನ ಮಡಿಲಲ್ಲಿದ್ದ ಹೆಲ್ಮೆಟ್ ಎತ್ತಿಕೊಂಡಳು.

"ಇದು ಇನ್ಮೇಲೆ ನಂದು. ಈಗ ಸಭೆಗೆ ಬರೋವಾಗ್ಲೂ ಎಂಜಿನ್ ಆರಿಸ್ಕೊಂಡೇ ಬಂದೆ, ನಾನು ನೋಡ್ದೆ. ಎರಡು ಬಕೆಟ್ ನೀರು ಹೊತ್ತು ತಂದ್ಕೊಡು, ವಾಪಸ್ ಕೊಡ್ತೀನಿ."

"ಅಕ್ಕಾ..."

"ಏನು, ನಿನ್ನ ಮ್ತಾನಿ ಮೇಲೆ ಸಿಟ್ಟಾ?"

ಇಷ್ಟು ಜನರ ಮುಂದೆ ಮ್ತಾನಿಯ ಮೇಲೆ ಸಿಟ್ಟಾದರೆ ಅವನ ಅಪ್ಪನ ಮರ್ಯಾದೆಯೂ ಹೋಗುತ್ತದೆ. ಕೋಂಬಾ ಗೊಣಗಿಕೊಂಡು ನೀರಿಗೆ ಹೋದ ಸದ್ದು ಕೇಳಿಸಿತು. ನನ್ನ ತಲೆಯೊಳಗೆ ಫಕ್ಕನೆ ದೀಪ ಹತ್ತಿತು.

"ಸಾಂಗಾ, ಬರ್ಕೋ!" ಎಂದು ಕೂಗಿದೆ. "ಇದೇ ಜಾರಿ! ಇದನ್ನೇ ಬರ್ಕೋ!"

ಬರೆದುಕೊಳ್ಳಲು ಇನ್ನೊಂದು ಗಂಟೆ ಹಿಡಿಯಿತು. ರಸ್ತೆ ಸುರಕ್ಷತೆಯ ಹೆಸರಲ್ಲಿ ಹೆಲ್ಮೆಟ್ ಕಿತ್ತುಕೊಂಡರೆ ನಗರಸಭೆಯವರು ನಗುತ್ತಾರೆ ಎಂದ ಸಾಂಗಾ. ಅವನು ಆಡಿದ ಮಾತುಗಳಲ್ಲಿ ಅದೊಂದು ಸರಿಯಾಗಿತ್ತು. ಕೀ ಕಿತ್ತುಕೊಂಡರೆ ಬೈಕಿನ ಮಾಲೀಕರು ಬರುತ್ತಾರೆ. ಕೊನೆಗೆ ಎಡಗಾಲಿನ ಚಪ್ಪಲಿ ಎಂದಾಯಿತು. ಗೇರು ಹಾಕುವುದು ಎಡಗಾಲಿನಲ್ಲಿ, ಬರಿಗಾಲಲ್ಲಿ ಹಾಕಿದರೆ ಅರ್ಧ ದಿನಕ್ಕೆ ಹೆಬ್ಬೆರಳು ಬಾಯಿ ಬಿಡುತ್ತದೆ. ಇಳಿಯುವ ಬೈಕನ್ನು ಯಾರೂ ಅಡ್ಡ ಹಾಕಬಾರದು. ನೋಡಿದವರು ನಿಧಾನವಾಗಿ ನಡೆದುಕೊಂಡು ಸ್ಟ್ಯಾಂಡಿಗೆ ಹೋಗಿ ಚಪ್ಪಲಿ ತೆಗೆದುಕೊಳ್ಳಬೇಕು. ಇಳಿಜಾರು ಮುಗಿಯುವುದೇ ಅಲ್ಲಿ, ಎಲ್ಲಿಗೆ ಓಡುತ್ತಾನೆ? ಚಪ್ಪಲಿ ಬಿಡಿಸಿಕೊಳ್ಳಲು ದುಡ್ಡು ಕೊಡುವಂತಿಲ್ಲ, ಒಂದು ಕೆಲಸ ಮಾಡಿಕೊಡಬೇಕು.

ಮೊದಲ ಹತ್ತು ದಿನ ಜಾತ್ರೆಯ ಹಾಗಿತ್ತು. ಮಾಮಾ ನ್ಯೆಂಜಾಳ ಟೊಮೇಟೊ ಬುಟ್ಟಿಗಳ ಹಿಂದೆ ಚಪ್ಪಲಿಗಳ ಸಾಲು. ಅವಳ ಮನೆಯ ಹಂಡೆಗಳು ತುಂಬಿದವು, ಬಡಗಿಯ ಮರದ ಹೊಟ್ಟು ಗುಡಿಸಿಯಾಯಿತು, ನನ್ನ ಬಿದಿರು ಬೆಟ್ಟದಿಂದ ಬಿಟ್ಟಿಯಾಗಿ ಇಳಿದು ಬಂತು. ದಿನದಿಂದ ದಿನಕ್ಕೆ ಎಂಜಿನ್ನಿನ ಸದ್ದು ಹೆಚ್ಚಾಯಿತು. ಅನ್ಯೇಸಿ ಮಾತ್ರ ಬೆಳಿಗ್ಗೆ ಸಂಜೆ ನನ್ನ ಮಣಿಕಟ್ಟು ಹಿಡಿದೇ ದಾಟಿಸುತ್ತಿದ್ದಳು. "ಕೇಳಿಸ್ತಾ ಇದ್ಯಾ?" ಎಂದು ನಾನು, "ತಿಂಗಳಾಗ್ಲಿ" ಎಂದು ಅವಳು.

ಹನ್ನೊಂದನೇ ದಿನ ಎಡವಟ್ಟಾಯಿತು.

ಸ್ಟ್ಯಾಂಡಿಗೆ ಹೊಸಬನೊಬ್ಬ ಬಂದಿದ್ದ, ಕಿಯೊಂದೊ ಅಂತ. ಸೊಂಗಿಯಾದಲ್ಲಿ ನಾಲ್ಕು ವರ್ಷ ಬೈಕು ಓಡಿಸಿದ್ದವನು, ಎಂಗೋನಿ ಭಾಷೆಯನ್ನು ನೀರು ಕುಡಿದಂತೆ ಆಡುತ್ತಿದ್ದ. ಅವನು ಎಂಜಿನ್ ಆರಿಸಿ ಇಳಿದದ್ದನ್ನು ಮಾಮಾ ನ್ಯೆಂಜಾ ನೋಡಿದಳು. ಅಭ್ಯಾಸಬಲ ನೋಡಿ, ಯಾರು ಎತ್ತ ಕೇಳದೆ ಹೋಗಿ ಚಪ್ಪಲಿಗೆ ಕೈ ಹಾಕಿದಳು, ಜೊತೆಗೆ "ಹಸುಗಳ್ಳ" ಎಂದಳು.

"ಯಾರಿಗೆ ಕಳ್ಳ ಅಂತೀರಿ?" ಅವನ ಕೂಗು ನಾನು ಕೂತಿದ್ದ ಗೋಡೆಯವರೆಗೆ ಬಂತು. "ನಾನೇನು ನಿಮ್ಮ ಮ್ತಾನಿನಾ? ನಾನು ಪಾರೆ! ಉತ್ತರದ ಬೆಟ್ಟದೋನು! ಯಾವ ಹಕ್ಕಿನ ಮೇಲೆ ನನ್ನ ಚಪ್ಪಲಿ ಮುಟ್ಟಿದ್ರಿ? ಕೋರ್ಟಿಗೆ ಹಾಕ್ತೀನಿ!"

ತಪ್ಪು ನಮ್ಮದೇ. ನಂಟಿಲ್ಲದವನ ವಸ್ತು ಎತ್ತಿದರೆ ಅದು ಗೇಲಿಯಲ್ಲ, ಕಳವು. ನಂಟಿಲ್ಲದವನನ್ನು ಹಳಿದರೆ ಅದು ಬೈಗುಳ. ಮಾಮಾ ನ್ಯೆಂಜಾ ಚಪ್ಪಲಿ ವಾಪಸು ಕೊಟ್ಟಳು. ಸಂಜೆ ಒಂದು ಡಬ್ಬ ಟೊಮೇಟೊ ಕೊಟ್ಟು ಕ್ಷಮೆಯನ್ನೂ ಕೇಳಿದಳು. ಟೊಮೇಟೊ ತೆಗೆದುಕೊಂಡು, ಕ್ಷಮೆಯ ವಿಚಾರ ಯೋಚಿಸುತ್ತೇನೆ ಎಂದನಂತೆ ಪುಣ್ಯಾತ್ಮ.

ಹಾನಿ ಅಷ್ಟಕ್ಕೇ ನಿಲ್ಲಲಿಲ್ಲ. ಎಂಗೋನಿ ಹುಡುಗರು ಮುನಿಸಿಕೊಂಡರು. "ಅವನಿಗೆ ಕಾನೂನಿಲ್ಲ, ನಮಗೆ ಮಾತ್ರ ಕಾನೂನಾ?" ಎಂದ ಕೋಂಬಾ. ಅದೂ ನ್ಯಾಯವೇ. ಮಾರನೇ ದಿನ ನಾಲ್ಕೈದು ಬೈಕು ಸದ್ದಿಲ್ಲದೆ ಇಳಿದವು. ಒಂದು, ನಾನೂ ಅನ್ಯೇಸಿಯೂ ದಾಟುವಾಗ ಪಕ್ಕದಲ್ಲೇ ಹಾದುಹೋಯಿತು. ಗಾಳಿ ಮುಖಕ್ಕೆ ಬಡಿದಾಗಲೇ ನನಗೆ ತಿಳಿದದ್ದು. ಅನ್ಯೇಸಿ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ನಾಟಿತು.

"ಸಾಕು ಅಪ್ಪ. ಸೋಮವಾರದಿಂದ ಬಿದಿರು ಮನೆಗೆ."

"ತಿಂಗಳಾಗಿಲ್ಲ."

"ನೀನು ಸತ್ತ ಮೇಲೆ ತಿಂಗಳಾಗ್ಬೇಕಾ?"

ಅವಳ ದನಿ ನಡುಗುತ್ತಿತ್ತು. ಬೈದಿದ್ದರೆ ಎದುರಾಡಬಹುದಿತ್ತು. ಅವಳು ಹೆದರಿದ್ದಳು. ಹೆದರಿದ ಮಗಳ ಜೊತೆ ಯಾವ ಅಪ್ಪ ವಾದ ಮಾಡುತ್ತಾನೆ? ನನಗೂ ಹೆದರಿಕೆ ಆಗಿತ್ತು, ಆದರೆ ಬೈಕಿಗಲ್ಲ. ಹಿತ್ತಲಿಗೆ.

ಶನಿವಾರ ಬೆಳಿಗ್ಗೆ ಗೋಡೆಗೆ ಒರಗಿ ಕೂತು ಯೋಚಿಸಿದೆ. ಕಿಯೊಂದೊನನ್ನು ಹಿಡಿದರೆ ಎಲ್ಲ ಸರಿಹೋಗುತ್ತದೆ. ಅವನನ್ನು ಹಿಡಿಯಲು ಅವನ ಮ್ತಾನಿಯೇ ಬೇಕು. ಪಾರೆಗಳಿಗೆ ಮ್ತಾನಿ ಯಾರು? ಚಗ್ಗಾಗಳು. ಇಡೀ ದೇಶಕ್ಕೇ ಗೊತ್ತಿರುವ ವಿಷಯ. ನಮ್ಮ ಬೀದಿಯಲ್ಲಿ ಚಗ್ಗಾ ಯಾರಿದ್ದಾರೆ? ನನ್ನ ಕೈಯಿಂದ ಬುಟ್ಟಿ ಜಾರಿತು. ಕಿರಾಣಿ ಅಂಗಡಿಯ ಮಾಮಾ ಶಾಯೋ, ಬಡಗಿಯಿಂದ ಎರಡನೇ ಬಾಗಿಲು. ಗೋಡೆ ಹಿಡಿದುಕೊಂಡೇ ಹೋದೆ.

ಮಾಮಾ ಶಾಯೋ ಕಿಲಿಮಂಜಾರೋ ಕಡೆಯವಳು. ನಮ್ಮ ಬೀದಿಗೆ ಬಂದು ಹನ್ನೊಂದು ವರ್ಷ. ಸಕ್ಕರೆ ತೂಗುತ್ತಾಳೆ, ಚಿಲ್ಲರೆ ಕೊಡುತ್ತಾಳೆ, ಒಂದು ಮಾತು ಹೆಚ್ಚಿಲ್ಲ. ಬಿಗುಮಾನದ ಹೆಂಗಸು ಎಂದು ನಾವೆಲ್ಲ ಅಂದುಕೊಂಡಿದ್ದೆವು. ನಾವೂ ಎಂಗೋನಿಗಳೂ ಬೀದಿಯಲ್ಲಿ ಗೇಲಿ ಮಾಡಿಕೊಂಡು ಹೊರಳಾಡಿ ನಗುವಾಗ ಅವಳು ಬಾಯಿ ಹೊಲಿದುಕೊಂಡು ಯಾಕೆ ಕೂರುತ್ತಾಳೆ ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸದವರಲ್ಲಿ ನಾನೂ ಒಬ್ಬ.

"ಮಾಮಾ ಶಾಯೋ, ಸ್ಟ್ಯಾಂಡಲ್ಲಿ ಒಬ್ಬ ಪಾರೆ ಹುಡುಗ ಇದಾನೆ. ಎಂಜಿನ್ ಆರಿಸಿ ಇಳೀತಾನೆ."

ತಕ್ಕಡಿಯ ತಟ್ಟೆ ಕೆಳಗಿಟ್ಟ ಸದ್ದು.

"ಪಾರೆನಾ? ನಮ್ಮ ಬೀದೀಲಾ? ಯಾರೂ ಯಾಕ್ರೀ ನಂಗೆ ಹೇಳ್ಲಿಲ್ಲ?"

"ನಿಮಗೆ ಇಂಥದ್ದೆಲ್ಲ ಇಷ್ಟ ಇಲ್ಲ ಅಂದ್ಕೊಂಡಿದ್ವಿ."

"ಹನ್ನೊಂದು ವರ್ಷ ಅಜ್ಜಾ! ಹನ್ನೊಂದು ವರ್ಷದಿಂದ ಬೈಯಕ್ಕೆ ಒಬ್ರಿಲ್ಲ, ಬೈಸ್ಕೊಳ್ಳಕ್ಕೆ ಒಬ್ರಿಲ್ಲ. ನಾಲಿಗೆ ತುಕ್ಕು ಹಿಡಿದಿದೆ ನಂಗೆ!"

ಆಮೇಲೆ ಕೇಳಿಸಿದ ಸದ್ದನ್ನು ನಾನು ನಂಬಲಿಲ್ಲ. ಶಟರ್ ಎಳೆದಳು. ಶನಿವಾರ, ಹಾಡುಹಗಲು, ವ್ಯಾಪಾರವೇ ಉಸಿರಾದ ಚಗ್ಗಾ ಕುಲದ ಹೆಂಗಸು ಅಂಗಡಿ ಮುಚ್ಚಿದಳು! ಯಾರೋ ಸತ್ತಿರಬೇಕೆಂದು ಬೀದಿಯವರೆಲ್ಲ ಹೊರಗೆ ಬಂದರು. ಅವಳು ನನ್ನ ತೋಳಿಗೆ ತೋಳು ಸೇರಿಸಿ ದಡದಡ ಇಳಿಜಾರು ಇಳಿದಳು.

"ಎಲ್ಲೋ ಆ ಪಾರೆ?" ಸ್ಟ್ಯಾಂಡಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಶುರು ಮಾಡಿದಳು. "ಒಂದು ಚಪ್ಪಲಿಗೆ ಕೋರ್ಟಿಗೆ ಹೋಗ್ತಾನಂತೆ! ಕೋಳಿ ಕೇಸು ನಡೆಸಕ್ಕೆ ಹಸು ಮಾರೋ ಜನ ನೀವು! ಎಡಗಾಲಿಗೊಬ್ಬ ವಕೀಲ, ಬಲಗಾಲಿಗೊಬ್ಬ ವಕೀಲ ಇಟ್ಟಿದೀಯೇನೋ?"

ನಾನಂತೂ ಸೋಮವಾರವನ್ನು ನೆನೆದು ಬೆವೆತೆ. ಕಿಯೊಂದೊ ಕೇಳಿದ, ದನಿ ಸಣ್ಣಗಾಗಿತ್ತು.

"ನೀವು ಚಗ್ಗಾನಾ ಅಕ್ಕಾ?"

"ಅಂಗಡಿ ಬೋರ್ಡಲ್ಲಿ ಶಾಯೋ ಅಂತ ಹೆಸ್ರಿದೆ, ಓದಕ್ಕೆ ಬರಲ್ವಾ?"

"ಅಂಗಡಿ ಮುಚ್ಚಿ ಬಂದಿದೀರಲ್ಲ, ಅದಕ್ಕೇ ಅನುಮಾನ ಬಂತು! ಚಗ್ಗಾ ಹೆಣದ ಪಕ್ಕ ಒಂದು ನಾಣ್ಯ ಬೀಳಿಸಿದ್ರೆ ಹೆಣ ಎದ್ದು ಕೂರತ್ತೆ ಅಂತ ನಮ್ಮಜ್ಜಿ ಹೇಳ್ತಿದ್ಲು. ನೀವು ಬದುಕಿರೋವಾಗ್ಲೇ ಅಂಗಡಿ ಮುಚ್ತೀರಾ?"

ಮಾಮಾ ಶಾಯೋ ನಕ್ಕಳು. ಹನ್ನೊಂದು ವರ್ಷದಲ್ಲಿ ನಾನು ಆ ನಗುವನ್ನು ಕೇಳಿದ್ದು ಅದೇ ಮೊದಲು, ಮೂಟೆ ಬಿಚ್ಚಿ ಜೋಳ ಸುರಿದಂತಿತ್ತು. ನಗುತ್ತಲೇ "ಚಪ್ಪಲಿ ಕೊಡು" ಎಂದಳು. ಕೊಟ್ಟ. ಅವಳ ಗೋದಾಮಿನ ಸಕ್ಕರೆ ಮೂಟೆಗಳನ್ನು ಅವತ್ತೆಲ್ಲ ಅವನೇ ಹೊತ್ತ. ಹೊರುವಾಗ ಇಬ್ಬರೂ ಸಂಜೆಯವರೆಗೆ ಬೈದಾಡಿಕೊಂಡರು. ಅವಳು ಅವನಿಗೆ ಬಾಳೆಕಾಯಿ ಬೇಯಿಸಿ ಊಟವನ್ನೂ ಹಾಕಿದಳಂತೆ.

ಭಾನುವಾರ ಮತ್ತೆ ಸಭೆ ಸೇರಿ, ಪ್ರತಿಯೊಬ್ಬ ಬೈಕಿನವನ ಹೆಸರು, ಅದರ ಮುಂದೆ ಅವನ ಮ್ತಾನಿಯ ಹೆಸರು ಬರೆದು ಸ್ಟ್ಯಾಂಡಿನ ಗೋಡೆಗೆ ಅಂಟಿಸಿದೆವು. ಮೂವರಿಗೆ ಬೀದಿಯಲ್ಲಿ ಯಾರೂ ಸಿಗಲಿಲ್ಲ. ಕೋಂಬಾನೇ ದಾರಿ ಹೇಳಿದ. "ಮೊಮ್ಮಗನಿಗೆ ಅಜ್ಜಿ ಮ್ತಾನಿ ತಾನೇ? ಇವರಿಗೆ ಬೀದಿಯ ಅಜ್ಜಿಯಂದಿರೆಲ್ಲ ಮ್ತಾನಿ. ಅನುಭವಿಸ್ಲಿ!"

ನಗರಸಭೆಯ ಅರ್ಜಿಯಲ್ಲಿ 'ಜಾರಿ ಮಾಡುವ ಅಧಿಕಾರಿ' ಎಂಬ ಜಾಗದ ಮುಂದೆ ಏನು ಬರೆಯುವುದೆಂದು ಸಾಂಗಾ ಪೆನ್ನು ಕಚ್ಚಿಕೊಂಡು ಕೂತನಂತೆ. ಕೊನೆಗೆ 'ಟೊಮೇಟೊ ಮಾರುವವರು, ಕಿರಾಣಿ ಅಂಗಡಿಯವರು ಮತ್ತು ಎಲ್ಲ ಅಜ್ಜಿಯಂದಿರು' ಎಂದು ಬರೆದು ಮೊಹರು ಒತ್ತಿದ. ನಗರಸಭೆಯಿಂದ ಇನ್ನೂ ಉತ್ತರ ಬಂದಿಲ್ಲ.

ಭಾನುವಾರ ಸಂಜೆ ಅನ್ಯೇಸಿ ಬಿದಿರಿನವನಿಗೆ ಫೋನು ಮಾಡಿ, ಸೋಮವಾರ ಮನೆಗೆ ತರಬೇಡ ಎಂದಳು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಂಗಳು ಮುಗಿದ ದಿನ ಬಾಗಿಲಿಗೆ ಬಂದು ನಿಂತಳು, ಕೈ ಹಿಡಿಯಲಿಲ್ಲ. ನಾನು ಇಳಿದೆ. ಮೇಲಿನಿಂದ ಒಂದು ಬೈಕು ಗುರ್ರೆನ್ನುತ್ತ ಬಂತು, ನಿಂತೆ, ಹೋಗಲು ಬಿಟ್ಟೆ. ಇನ್ನೊಂದು ಬಂತು. "ನಿದ್ದೆ ಹೋಯ್ತಾ ಹೆಹೆ?" ಎಂದು ಕೂಗಿಕೊಂಡು ಹೋದವನು ಕೋಂಬಾ. "ಹಸು ಕಟ್ಟಿ ಹಾಕಿದೀನಿ ಕಣೋ!" ಎಂದು ಕೂಗಿದೆ. ನಡೆದೆ. ಹದಿನೇಳು ಹೆಜ್ಜೆ, ಮೊದಲಿನಷ್ಟೇ. ಗೋಡೆ ಬೆಚ್ಚಗಿತ್ತು. ಸಂಜೆ ಮನೆಗೆ ಬಂದಾಗ ಅನ್ಯೇಸಿ "ಹುಂ" ಎಂದಳು, ಅಷ್ಟೇ. ಆದರೆ ಮುಂದಿನ ದಿನವೂ ಬಾಗಿಲಲ್ಲಿ ನಿಂತಳು. ಅದರ ಮುಂದಿನ ದಿನವೂ ನಿಂತಳು. ನಾನು ಆಚೆ ಮುಟ್ಟುವವರೆಗೆ ಅವಳು ಉಸಿರು ಬಿಗಿಹಿಡಿಯುತ್ತಾಳೆಂದು ನನಗೆ ಗೊತ್ತು.

ಮೊನ್ನೆ ಸಂಜೆ ನಾನು ಆಗಷ್ಟೇ ಮನೆಗೆ ಬಂದು ಕಾಲು ಚಾಚಿದ್ದೆ. ಅವಳು ಒಲೆಯ ಮುಂದೆ ಇದ್ದಳು. ಡಬ್ಬಗಳನ್ನು ಒಂದೊಂದಾಗಿ ತೆರೆದು ಮುಚ್ಚಿದ ಸದ್ದು.

"ಥೂ, ಉಪ್ಪು ಖಾಲಿ. ಅಪ್ಪ, ಓಡಿ ಹೋಗಿ ಮಾಮಾ ಶಾಯೋ ಅಂಗಡಿಯಿಂದ ತಗೊಂಬಾ. ಎಸರು ಕುದೀತಾ ಇದೆ."

ಓಡಿ ಹೋಗಿ ಎಂದಳು. ತಿರುಗಿಯೂ ನೋಡದೆ, ಎದ್ದು ಬಂದು ಬಾಗಿಲಲ್ಲಿ ನಿಲ್ಲದೆ, ಊರಿನ ಬೇರೆ ಮಕ್ಕಳೆಲ್ಲ ತಮ್ಮ ಅಪ್ಪಂದಿರಿಗೆ ಹೇಳುವ ಹಾಗೆ. ತಾನು ಹೇಳಿದ್ದೇನು ಎಂದು ಅವಳಿಗೆ ಹೊಳೆಯುವ ಮೊದಲೇ ನಾನು ಕೋಲು ತೆಗೆದುಕೊಂಡು ಬೀದಿ ದಾಟಲು ಹೊರಬಿದ್ದೆ.